ಏಳು ಮೊಳೆ

ಇನ್ವರ್‌ಕೆಲ್ಲಿಯ ಸಂತೆಗಂಬದ ತುದಿಗೆ ಕೂತಿದ್ದ
ಒಂಟಿಕೋಡಿನ ಕುದುರೆಯನ್ನು
ಕ್ರೇನು ಕಟ್ಟಿ ಕೆಳಗಿಳಿಸಿದರು, ಮೊನ್ನೆ ಮಂಗಳವಾರ.
ಹೊಟ್ಟೆಗೆ ಪಟ್ಟಿ ಬಿಗಿದು, ನೀಲಿ ಟಾರ್ಪಾಲು ಹೊದಿಸಿ,
ಹೆರಿಗೆಗೆ ಒಯ್ಯುವ ಹಾಗೆ.
ಮೀನಂಗಡಿಯವರು ಕೈ ಒರೆಸಿಕೊಳ್ಳುತ್ತ ಹೊರಬಂದರು.
ಕಡಲಕ್ಕಿಯೊಂದು ಖಾಲಿ ಕಂಬವೇರಿ
ತಾನೇ ರಾಜಲಾಂಛನವೆಂಬಂತೆ ಕತ್ತು ಕೊಂಕಿಸಿತು.

ಈಗದು ಇಷ್‌ಬೆಲ್‌ಳ ಶೆಡ್ಡಿನಲ್ಲಿ, ದಿಮ್ಮಿಗಳ ಮೇಲೆ.
ಕೋಡು ಬುಡಕ್ಕೇ ಮುರಿದಿದೆ.
ಆಡಿನ ಗಡ್ಡ ಸವೆದು ಬಚ್ಚಲಿನ ಸಾಬೂನಾಗಿದೆ.
ಕಿರೀಟ ಇದೆ, ತಲೆಯ ಮೇಲಲ್ಲ, ಕೊರಳಲ್ಲಿ;
ಅಲ್ಲಿಂದ ಇಳಿದ ಸರಪಳಿ ಬೆನ್ನು ಬಳಸಿ
ಹಿಂಗಾಲ ಬಳಿ ಬರುವಷ್ಟರಲ್ಲಿ
ಉಪ್ಪುಗಾಳಿಗೆ ಉದುರಿಹೋಗಿದೆ.

ನಗರಸಭೆಯ ಕಾಗದ ಹೇಳುತ್ತದೆ:
ಕೋಡು, ಒಂದು. ಸರಪಳಿಯ ಕೊಂಡಿ, ಐದು.
ಬಾಲ ಸಿಂಹದ್ದಿರತಕ್ಕದ್ದು. ಗೊರಸು ನಾಲ್ಕೂ ಸೀಳಿರತಕ್ಕದ್ದು.
ಮೊಲಕ್ಕೆ ಕೋಡಿಲ್ಲವೆಂದು ಜಗತ್ತಿಗೆಲ್ಲ ಗೊತ್ತು;
ಕುದುರೆಯ ಕೋಡಿಗೆ ಮಾತ್ರ
ಮೂರು ಕಡೆಯಿಂದ ದರಪಟ್ಟಿ ತರಿಸಿದ್ದಾರೆ.

ಶಾಲೆ ಬಿಟ್ಟು ಬಂದ ಲಾಕ್ಲನ್ ಬಾಗಿಲಲ್ಲೇ ನಿಂತು ಕೇಳಿದ:
ಇದನ್ನ ಕಟ್ಟಿಹಾಕಿದ್ದು ಯಾಕೆ?
ಇಷ್‌ಬೆಲ್‌ಳ ಬಾಯಲ್ಲಿ ಪೆನ್ಸಿಲಿತ್ತು.
ಮೇಷ್ಟ್ರು ಹೇಳಿದ್ದು: ರಾಜನೊಬ್ಬನೇ ಪಳಗಿಸಬಲ್ಲ ಮೃಗ, ಅದಕ್ಕೆ.
ಮೀನಂಗಡಿಯವನದು: ಬಿಟ್ಟರೆ ದಕ್ಷಿಣದ ಸಿಂಹವನ್ನು
ತಿವಿದು ಬರುತ್ತದೆ, ಅದಕ್ಕೆ.
ಹುಡುಗ ಎರಡನ್ನೂ ನಂಬಲಿಲ್ಲ.
ಸೇಬಿನ ದಿಂಡೊಂದನ್ನು ಕಲ್ಲುಬಾಯಿಯ ಮುಂದಿಟ್ಟು ಹೋದ.

ಅವಳಪ್ಪ ಹಡಗುಕಟ್ಟೆಯಲ್ಲಿ ಲಂಗರಿನ ಸರಪಳಿ ಬೆಸೆಯುತ್ತಿದ್ದವನು.
ಒಂದೊಂದು ಕೊಂಡಿಯನ್ನೂ ಸುತ್ತಿಗೆಯಿಂದ ತಟ್ಟಿ
ಕಿವಿಯಿಡುತ್ತಿದ್ದ. ಕಳ್ಳ ಕೊಂಡಿ ಬೇರೆಯೇ ದನಿಯಲ್ಲಿ ಕೆಮ್ಮುತ್ತದೆ, ಎನ್ನುತ್ತಿದ್ದ.
ಈ ಐದನ್ನು ಕೆತ್ತುವಾಗ ಅವಳಿಗೆ ಹೊಳೆದದ್ದು ಇಷ್ಟು:
ಇಲ್ಲದ್ದನ್ನು ಯಾರೂ ಕಟ್ಟಿಹಾಕುವುದಿಲ್ಲ.
ಬರೀ ಕೋಡಿದ್ದಿದ್ದರೆ ಕತೆಯೆಂದು ನಗುತ್ತಿದ್ದರು;
ಸರಪಳಿ ಕಂಡಿದ್ದರಿಂದ
ನಾನೂರು ವರ್ಷ ನಂಬಿದರು.

ಕೋಡಿಗೆ ಮಾದರಿ ಎಲ್ಲಿಂದ ತರುವುದು?
ಬಂದರಿನಿಂದ ಒದ್ದೆ ಹಗ್ಗದ ತುಂಡೊಂದನ್ನು ತಂದು
ಮೊಳೆಗೆ ನೇತುಹಾಕಿ, ಅದರ ಹುರಿಯನ್ನೇ
ಒಂಬತ್ತು ದಿನ ಮರಳುಗಲ್ಲಿಗೆ ಕಲಿಸಿದಳು.
ಶೆಡ್ಡೆಲ್ಲ ಹೆರಿಂಗ್ ಮೀನಿನ ವಾಸನೆ.

ಹತ್ತನೆಯ ದಿನ, ಹಿಂಗಾಲಿನ ಪಾಚಿ ತೊಳೆಯುವಾಗ
ಹಳೆಯ ಹಲ್ಲುಜ್ಜುವ ಬ್ರಷ್ಷು ತಡೆಯಿತು.
ಎಡಗಾಲು. ಗೊರಸು ಸೀಳಿಲ್ಲ. ದುಂಡಗಿದೆ.
ಅದಕ್ಕೊಂದು ಲಾಳ.
ಲಾಳಕ್ಕೆ ಏಳು ಮೊಳೆ: ಹೊರಗೆ ನಾಲ್ಕು, ಒಳಗೆ ಮೂರು,
ಅಗಸೆಯ ಕಾಳಿನಷ್ಟು ಚಿಕ್ಕವು,
ಕೊನೆಯದು ಕೊಂಚ ಬಾಗಿದೆ,
ಅವಸರದಲ್ಲಿ ಹೊಡೆದ ಲಾಳಗಾರನದರಂತೆ.

ಅವಳು ಬಕೀಟು ಮಗುಚಿ ಅದರ ಮೇಲೆ ಕೂತಳು.

ಯಾವುದೋ ಕ್ವಾರಿಯಿಂದ, ಯಾವುದೋ ಮಾಗಿಯಲ್ಲಿ,
ಕೆಸರಿನ ಏರಿನುದ್ದಕ್ಕೂ
ಈ ಬಂಡೆಯನ್ನು ಎಳೆದು ತಂದದ್ದು
ಕೋಡಿಲ್ಲದ, ಬಾಲದಲ್ಲಿ ಸಿಂಹವಿಲ್ಲದ ಒಂದು ಪ್ರಾಣಿ.
ಮೂರು ಕಾಲು ರಾಜನಿಗೆ ಬೇಕಾದಂತೆ ಕಡೆದವನು
ನಾಲ್ಕನೆಯದನ್ನು, ಕಂಬವೇರಿದ ಮೇಲೆ
ಯಾರಿಗೂ ಕಾಣದ ಕಡೆಗೆ,
ಅದಕ್ಕೆ ಕೊಟ್ಟಿದ್ದಾನೆ.
ಅಥವಾ ಅವನಿಗೆ ಗೊರಸು ಮರೆತೇ ಹೋಗಿತ್ತೋ ಏನೋ.
ಸಂಜೆ ಹೊತ್ತು, ಕುಡಿದೂ ಇದ್ದಿರಬಹುದು.

ಬಾಗಿದ ಮೊಳೆಯ ಮೇಲೆ ಅವಳು ಉಳಿ ಇಡಲಿಲ್ಲ.
ಫಾರಮ್ಮಿನಲ್ಲಿ ಬರೆದಳು:
ಹಿಂಗಾಲು, ಎಡ. ಸುಸ್ಥಿತಿ. ದುರಸ್ತಿ ಬೇಡ.

ಮೊದಲ ಗುರುವಾರ ಮತ್ತೆ ಕ್ರೇನು.
ಹೊಸ ಕೋಡು ಬಿಸಿಲಿಗೆ ಹಸಿ ಹಲ್ಲಿನಂತೆ ಬೆಳ್ಳಗೆ;
ಮೇಯರರು ಸರಪಳಿಯ ಕೆಲಸವನ್ನು ಹೊಗಳಿದರು.
ಜನ ಚೆದುರಿದ ಮೇಲೆ ಲಾಕ್ಲನ್ ಕೇಳಿದ, ಅದು ಸೇಬು ತಿಂತಾ?
ತಿಂದಿತು, ಅಂದಳು ಇಷ್‌ಬೆಲ್.
ಮೇಲೆ, ಜಾಗ ಕಳಕೊಂಡ ಕಡಲಕ್ಕಿ ಎರಡು ಸುತ್ತು ಹಾಕಿ
ಹಿಂದುಗಡೆಯಿಂದ ಬಂದು
ಎಡ ಹಿಂಗಾಲ ಬುಡದಲ್ಲಿ ಇಳಿಯಿತು.