ಮೂವತ್ತಾರು ಇಂಚು

ಹೆಲೆನ್ಸ್‌ಬರೋದ ಆ ಅಂಗಡಿಯಲ್ಲಿ
ಗೂಡುಗಳನ್ನು ಮಡಚಿ ಗೋಡೆಗೆ ಒರಗಿಸಿಟ್ಟಿದ್ದರು,
ಮದುವೆ ಮುಗಿದ ಮಾರನೆಯ ದಿನದ ಕುರ್ಚಿಗಳ ಹಾಗೆ.
ಇಪ್ಪತ್ನಾಲ್ಕು, ಮೂವತ್ತು, ಮೂವತ್ತಾರು, ನಲವತ್ತೆರಡು.
ಕಪ್ಪು ತಂತಿ, ತಳಕ್ಕೊಂದು ತಟ್ಟೆ,
ಬಾಗಿಲು ಒಂದಿದ್ದರೆ ಒಂದು ಬೆಲೆ, ಎರಡಿದ್ದರೆ ಇನ್ನೊಂದು.

ಇದು ಬೋನು, ಅಂದೆ ನಾನು.
ಗೂಡು, ಅಂದ ಟೊರ್ಕಿಲ್.
ಕೌಂಟರಿನ ಹುಡುಗಿ, ಎದೆಯ ಚೀಟಿಯಲ್ಲಿ ಮಾರ್ಸಲಿ,
ಎರಡನ್ನೂ ಅನ್ನದೆ, ಮರಿ ಯಾವ ಜಾತಿ, ಅಂದಳು.
ತಾಯಿ ಕಾಲಿ, ಅಪ್ಪ ಬೇಲಿ ಹಾರಿ ಬಂದವನು.
ಎಷ್ಟು ಬೆಳೆಯುತ್ತದೋ ಆ ಬೇಲಿಗೇ ಗೊತ್ತು.

ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು.
ಅದಕ್ಕಿಂತ ಹೆಚ್ಚು ಜಾಗ ಕೊಟ್ಟಿರೋ,
ಒಂದು ಮೂಲೆಯಲ್ಲಿ ಹಾಸಿಗೆ, ಇನ್ನೊಂದರಲ್ಲಿ ಕಕ್ಕಸು.
ದೊಡ್ಡದನ್ನೇ ಒಯ್ಯಿರಿ, ನಡುವೆ ಈ ತಡಿಕೆ ಸಿಕ್ಕಿಸಿ,
ಬೆಳೆದ ಹಾಗೆ ಹಿಂದೆ ಸರಿಸುತ್ತ ಹೋಗಿ.
(ಸ್ಕೂಲಿನ ಸ್ಕರ್ಟಿನ ಅಂಚಿಗೆ ನನ್ನಮ್ಮ
ನಾಲ್ಕು ಬೆರಳು ಬಟ್ಟೆ ಮಡಚಿಟ್ಟು ಹೊಲಿಯುತ್ತಿದ್ದಳು.)

ಆಗ ಟೊರ್ಕಿಲ್ ಕೋಟು ಬಿಚ್ಚಿ ನನ್ನ ಕೈಗಿತ್ತು,
ಒಂದು ಬದಿ ಗೋಡೆ, ಒಂದು ಬದಿ ಹಕ್ಕಿಕಾಳಿನ ಮೂಟೆ,
ನಡುವಿನ ನೆಲದಲ್ಲಿ
ಅರವತ್ತಾರರ ಮೊಣಕಾಲು ಲಟಕ್ಕೆನ್ನಿಸಿ ಮಲಗಿದ.
ಇಷ್ಟು, ಅಂದ. ಇಷ್ಟೇ ಇತ್ತು.

ಹತ್ತೊಂಬತ್ತು ವರ್ಷ ಸಬ್‌ಮರೀನಿನಲ್ಲಿ ಅಡುಗೆ ಮಾಡಿದವನು.
ನೀರಿನಡಿ ನೂರಮೂವತ್ತು ಬಾಯಿಗೆ ಬ್ರೆಡ್ಡು ಸುಟ್ಟವನು.
ಆರಡಿ ಉದ್ದ, ಎರಡಡಿ ಅಗಲ, ಎದ್ದು ಕೂರಲಾಗದ ಎತ್ತರ,
ಒಂದು ಪರದೆ.
ಅದನ್ನು ಎಳೆದರೆ ಒಳಗಿದ್ದದ್ದು ನನ್ನದು, ಇಸ್ಬೆಲ್.
ಅಷ್ಟು ದೊಡ್ಡ ಕಬ್ಬಿಣದಲ್ಲಿ ನನ್ನದು ಅಂತ ಅದೊಂದೇ.

ಚಾವಣಿಯ ಟ್ಯೂಬ್‌ಲೈಟಿಗೆ ಹೇಳುತ್ತಿದ್ದ.
ಬೆಕ್ಕಿನ ಮರಳು ಒಯ್ಯುತ್ತಿದ್ದವನೊಬ್ಬ
ಕ್ಷಮಿಸಿ, ಅಂದು ದಾಟಿಕೊಂಡು ಹೋದ.

ಆ ವರ್ಷಗಳಲ್ಲಿ ಐದಡಿ ಮಂಚದ ಒಂದೇ ಬದಿಗೆ ನಾನು.
ಮೂರು ತಿಂಗಳಿಗೊಮ್ಮೆ ಬಂದವನು
ಕತ್ತಲಲ್ಲಿ ಗೋಡೆ ತಡಕುತ್ತಿದ್ದ,
ಮೂಗಿಗೆ ಗೋಡೆ ತಾಗದೆ ನಿದ್ದೆ ಹತ್ತುತ್ತಿರಲಿಲ್ಲ.
ನನಗೆ ಬೆನ್ನು ಮಾಡಿದನೆಂದು
ಎಷ್ಟು ರಾತ್ರಿ ಮುನಿಸಿಕೊಂಡಿದ್ದೆ,
ಲೆಕ್ಕ ಇಟ್ಟಿದ್ದೆ ಕೂಡ.

ಪರದೆ ಯಾವ ಬಣ್ಣ, ಕೇಳಿದೆ.
ಯೋಚಿಸಿದ. ಹಸಿರಿರಬೇಕು.
ಒಳಗಿಂದ ಎಲ್ಲಾ ಒಂದೇ.

ಮೂವತ್ತಾರು. ಎರಡು ಬಾಗಿಲು. ಅರವತ್ತೆರಡು ಪೌಂಡು.
ಬೇಡವಾದರೆ ಇಪ್ಪತ್ತೆಂಟು ದಿನದೊಳಗೆ ತನ್ನಿ, ಅಂದಳು ಮಾರ್ಸಲಿ.
ರಸೀದಿ ನಾನೇ ಇಸಿದುಕೊಂಡೆ.
ಇನ್ನೂ ಸೋತಿರಲಿಲ್ಲ ನಾನು.

ಮರಿ ಬಂದದ್ದು ಶುಕ್ರವಾರ. ಹೆಸರಿಲ್ಲ, ಮೊದಲು ಜಾಗವಾಗಲಿ ಅಂತ.
ಮೂರು ಬದಿಗೆ ಕಂಬಳಿ ಇಳಿಬಿಟ್ಟು ಬಾಗಿಲು ತೆರೆದಿಟ್ಟೆವು.
ಒಳಹೊಕ್ಕು, ಬಿಸ್ಕತ್ತು ಮುಗಿಸಿ, ಹೊರಬಂದು
ನನ್ನ ಚಪ್ಪಲಿಯ ಮೇಲೆ ಮಲಗಿತು.
ಹನ್ನೊಂದಕ್ಕೆ ಚಿಲಕ ಹಾಕಿದೆವು,
ಹನ್ನೊಂದೂ ಐದಕ್ಕೆ ಅಳು.
ಕ್ಲೈಡಿನ ಆಚೆ ದಡದಲ್ಲೂ ಯಾರೋ ದೀಪ ಹಾಕಿರಬೇಕು.
ನೋಡು, ಬೋನು, ಅಂದೆ ಕತ್ತಲಿಗೆ.
ಅವನು ಮಾತಾಡದೆ ದಿಂಬು ಕಂಕುಳಲ್ಲಿಟ್ಟು ಕೆಳಗಿಳಿದ.

ಎರಡು ಗಂಟೆಗೆ ನೀರಿಗೆಂದು ಹೋದೆ.
ತಂತಿಯ ಸಂದಿನಲ್ಲಿ ಒಂದು ಬೆರಳು,
ಅದರ ತುದಿ ಮರಿಯ ಬಾಯಲ್ಲಿ.
ಬೆನ್ನು ನನಗೆ, ಮೂಗು ಗೂಡಿಗೆ,
ಟೈಲ್ಸಿನ ಮೇಲೆ ಎರಡು ಗೊರಕೆ, ಒಂದು ಸಣ್ಣದು.

ಬೆಳಿಗ್ಗೆ ಸೊಂಟ ಹಿಡಿಯುತ್ತದೆ ಇವನಿಗೆ, ಮುಲಾಮು ಮುಗಿದಿದೆ.
ಕಾಗದ ಹುಡುಕಿದೆ. ಫ್ರಿಜ್ಜಿನ ಮೇಲೆ ಸಿಕ್ಕಿದ್ದು ರಸೀದಿ.
ಅದರ ಬೆನ್ನಿಗೆ ಬರೆದೆ:
ಮುಲಾಮು, ಹಾಲು,
ಇನ್ನೊಂದು ಕಂಬಳಿ, ಹಸಿರು ಸಿಕ್ಕರೆ.