ಬತ್ತಿ ಸಣ್ಣಗಾದರೆ

ಬಾಯಾರಿನ ಮುರಕಲ್ಲು ಗುಡ್ಡದ ಹೊಟ್ಟೆಗೆ
ನಲವತ್ತೆರಡು ಸುರಂಗ ತೋಡಿದ ಕೊಗ್ಗು ಮಾವ
ಒಂದರಲ್ಲೂ ನೆಟ್ಟಗೆ ನಿಂತವನಲ್ಲ.
ಕುಕ್ಕರಗಾಲಲ್ಲಿ ಕೂತು, ಗಿಡ್ಡ ಕಾವಿನ ಪಿಕ್ಕಾಸು ಹಿಡಿದು
ಕೋಲು ಕೋಲಾಗಿ ಒಳಗೆ ಹೋದವನು,
ನೀರು ಸಿಗುವವರೆಗೆ.
ಭುಜದ ಪಕ್ಕ, ಗೋಡೆ ಕೆತ್ತಿದ ಗೂಡಿನಲ್ಲಿ
ಒಂದು ಮೇಣದ ಬತ್ತಿ.

"ಬತ್ತಿ ಸಣ್ಣಗಾದರೆ ಹೊರಗೆ ಬಾ.
ಆಮೇಲೆ ಯೋಚನೆ ಮಾಡು.
ಒಳಗೆ ಕೂತು ಯೋಚನೆ ಮಾಡಿದವರು
ಯಾರೂ ನನಗೆ ಕತೆ ಹೇಳಲು ಬಂದಿಲ್ಲ."

ಈ ಮಳೆಗಾಲಕ್ಕೆ ಮೊದಲು
ಅವನ ಬಲಗೈಯಿಂದ ಚಹಾದ ಗ್ಲಾಸು ಜಾರಿತು.
ಪಿಕ್ಕಾಸಿಗೆ 'ಅದು, ಆ ಹಲ್ಲು' ಎಂದ.
ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆದ.

ಮಂಗಳೂರಿನ ಲ್ಯಾಬಿನಲ್ಲಿ ನನ್ನ ಕೆಲಸವೂ ಮೇಣದ್ದೇ:
ತುಣುಕನ್ನು ಮೇಣದಲ್ಲಿ ಹುಗಿದು
ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು
ಬಿಸಿನೀರಲ್ಲಿ ತೇಲಿಸಿ, ಗಾಜಿಗೆ ಹತ್ತಿಸಿ, ಬಣ್ಣ ಹಾಕುವುದು.
ಮಾವನದನ್ನು ನಾನು ಕೊಯ್ಯಲಿಲ್ಲ.
ಮೈಮೂನಾ ನನ್ನನ್ನು ಕ್ಯಾಂಟೀನಿಗೆ ಅಟ್ಟಿ
ತಾನೇ ಕೊಯ್ದಳು.

ಆ ಪ್ರೋಟೀನು ಎಲ್ಲರ ಒಳಗೂ ಹುಟ್ಟುತ್ತದೆ,
ಗಾಳಿ ಇರುವಲ್ಲಿ
ಹುಟ್ಟಿದ ಗಳಿಗೆಯಲ್ಲೇ ಅಳಿಯುತ್ತದೆ,
ಹೆಸರಿಡಲೂ ಪುರುಸೊತ್ತಿಲ್ಲದೆ.
ಉಸಿರು ಕಮ್ಮಿಯಾದಲ್ಲಿ ಮಾತ್ರ ಉಳಿದುಕೊಳ್ಳುತ್ತದೆ,
ಜೀವಕೋಶದ ನಡುಮನೆಗೆ ನುಗ್ಗಿ ಕೂಗು ಹಾಕುತ್ತದೆ:
ನೆತ್ತರಿಗೆ ದಾರಿ ತೋಡಿ, ಇನ್ನೊಂದು ಓಣಿ ತೆಗೆಯಿರಿ,
ಅರೆಹೊಟ್ಟೆಯಲ್ಲಿ ಬದುಕಲು ಕಲಿಯಿರಿ.

ಬತ್ತಿ ಸಣ್ಣಗಾದರೆ
ಗೆಡ್ಡೆ ಹೊರಗೆ ಬರುವುದಿಲ್ಲ ಮಾವ,
ಇನ್ನೂ ಜೋರಾಗಿ ತೋಡುತ್ತದೆ.

ಚಹಾ ಕುಡಿಯದೆ ವಾಪಸು ಬಂದು ನೋಡಿದೆ.
ಕಂದು. ಎಲ್ಲೆಲ್ಲೂ ಕಂದು,
ಬಾಯಾರಿನಲ್ಲಿ ಒಗೆದರೂ ಹೋಗದ ಅವನ ಪಂಚೆಯ ಬಣ್ಣ.
ನಡುವೆ ಸತ್ತ ಒಂದು ಜಾಗ,
ಅದರ ಸುತ್ತ ಒತ್ತೊತ್ತಾಗಿ ಸಾಲುಗಟ್ಟಿದ ಕೋಶಗಳು,
ಕುಸಿದ ಸುರಂಗದ ಬಾಯಲ್ಲಿ ಜನ ನಿಂತ ಹಾಗೆ.

"ಕಂದು ಹೆಚ್ಚಿದ್ದಷ್ಟು ದಿನ ಕಮ್ಮಿ, ಹಾಗೊಂದು ಲೆಕ್ಕ ಇದೆ,"
ಎಂದರು ಡಾಕ್ಟರು, ಕನ್ನಡಕ ಒರೆಸುತ್ತಾ.
"ಲೆಕ್ಕ ನೂರಾರು ಜನರದ್ದು. ಒಬ್ಬನದ್ದಲ್ಲ."
ಅದನ್ನು ಸಮಾಧಾನಕ್ಕೆ ಹೇಳಿದರೋ
ನಿಜವೆಂದು ಹೇಳಿದರೋ
ಉಪ್ಪಳದಲ್ಲಿ ರೈಲು ಇಳಿಯುವವರೆಗೂ ಗೊತ್ತಾಗಲಿಲ್ಲ.

ಆದಿತ್ಯವಾರ ಮಾವನಿಗೆ ಒಂದೇ ಹಟ,
ತನ್ನ ಮೊದಲ ಸುರಂಗ ನೋಡಬೇಕು.
ಬಾಯಲ್ಲಿ ಅವನನ್ನು ಕಲ್ಲಿನ ಮೇಲೆ ಕೂರಿಸಿ
ನಾನು ಬತ್ತಿ ಹಿಡಿದು ಬಗ್ಗಿ ಒಳಗೆ ಹೋದೆ.
ಕಾಲಗಂಟಿಗೆ ತಣ್ಣಗೆ ನೀರು. ತಲೆಯ ಮೇಲೆ ಬಾವಲಿ.
ಗೋಡೆಯಲ್ಲಿ ಐವತ್ತು ವರ್ಷದ ಹಿಂದಿನ ಅವನ ಏಟುಗಳು
ಒಂದರ ಪಕ್ಕ ಒಂದು, ಎಲ್ಲ ಬಲಗೈಯವು.

ಹೊರಗಿನಿಂದ ಕೂಗಿದ:
"ಅದು... ಅದು ಹೇಗಿದೆ ಮಗಾ?"
ಬತ್ತಿ ಎಂಬ ಮಾತು ಸಿಕ್ಕಿರಲಿಲ್ಲ ಅವನಿಗೆ.
ಅಥವಾ ಕೇಳಿದ್ದು ಬತ್ತಿಯನ್ನಲ್ಲ.

"ನೆಟ್ಟಗಿದೆ," ಎಂದೆ,
ಅಂಗೈ ಅಡ್ಡ ಹಿಡಿದು.