ಪಾಟೀಸವಾಲು

ಪೀರಾಂಬಿ ನದಾಫ್, ಅರವತ್ತೆಂಟು, ಅರಳೆಪೇಟೆ.
ಕಸುಬು: ಹತ್ತಿ ಹಿಂಜುವುದು, ಹಾಸಿಗೆ ಹೊಲಿಯುವುದು.
ಪ್ರಮಾಣ ಮಾಡಿಸಿದೆವು. ಫ್ಯಾನು ತಿರುಗುತ್ತಲೇ ಇತ್ತು,
ಆದರೂ ಅವಳ ಹುಬ್ಬಿನ ಮೇಲಿನ ಒಂದೆಳೆ ಅರಳೆ
ಊಟದ ಬಿಡುವಿನ ತನಕ ಅಲ್ಲೇ ಕೂತಿತ್ತು.

ಮಳಿಗೆಯ ಬಾಡಿಗೆಗೆ ರಸೀದಿ ಇದೆಯೆ?
ಇಲ್ಲ.
ಕೇಳಿದ್ದಿರಾ?
ಕೇಳಿದ್ದೆ.
ಯಾವಾಗ?
ಮಳೆಗಾಲ.
ಯಾವ ವರ್ಷದ ಮಳೆಗಾಲ?

ಕೆ.ಜಿ. ರಸ್ತೆ ಕೋರ್ಟಿನ ಮೂರನೇ ಮಹಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು ಕುಟ್ಟುವ ಕನ್ನಡ ಇದು:
ರಸೀದಿ ಇಲ್ಲ ಎಂದರೆ ಸರಿ.
ಬಾಡಿಗೆ ಕೊಟ್ಟೇ ಇಲ್ಲ ಎಂದರೆ ಸರಿಯಲ್ಲ.

ವಕೀಲರು ನಾಲ್ಕನೇ ಸಲ ಅದೇ ಮಳೆಗಾಲಕ್ಕೆ ಬಂದಾಗ
ಮುದುಕಿ ಕಟಕಟೆ ಹಿಡಿದು ನಕ್ಕಳು:
'ಹಿಂಜಿದ್ದನ್ನೇ ಹಿಂಜಬೇಡಿ ಸಾಹೇಬರೆ.
ಹತ್ತಿಗೂ ಒಂದು ಹದ ಅಂತ ಇದೆ,
ಆಮೇಲೆ ಬರೀ ಧೂಳು.'
ನ್ಯಾಯಾಧೀಶರು ನನ್ನತ್ತ ಕೈಯಾಡಿಸಿದರು, ಅದು ಬೇಡ.
ಸಾಕ್ಷಿ ನೇರವಾಗಿ ಉತ್ತರಿಸಿರುವುದಿಲ್ಲ
ಎಂದು ಕುಟ್ಟಿದೆ. ಫುಲ್‌ಸ್ಟಾಪು.

ರಾತ್ರಿ ಶ್ರೀರಾಂಪುರದ ಮನೆಯಲ್ಲಿ
ಮಗಳಿಗೆ ನಾಳೆ ಶಾಲೆಯ ಚರ್ಚಾಸ್ಪರ್ಧೆ.
'ಅಮ್ಮಾ, ಹೆಕಲ್ ಅಂದ್ರೆ?'
ಹೆಕ್ಕುವುದಿರಬೇಕು, ಅಂದೆ ಪಾತ್ರೆ ತೊಳೆಯುತ್ತ,
ಗುಬ್ಬಿ ಕಾಳು ಹೆಕ್ಕುತ್ತದಲ್ಲ, ಹಾಗೆ.
ಅಲ್ಲವಂತೆ. ಬೆನ್ನು ಕಿತ್ತ ನಿಘಂಟು ತಂದಳು.
ಮೊದಲಿಗೆ: ಮಾತಾಡುವವನನ್ನು ಪ್ರಶ್ನೆ ಹಾಕಿ ಕಾಡು.
ಅದರಡಿಗೆ, ಇರುವೆಯಂಥ ಅಕ್ಷರದಲ್ಲಿ:
ಅಗಸೆನಾರು ಬಾಚುವ, ಉಕ್ಕಿನ ಹಲ್ಲಿನ ಹಣಿಗೆ.

ಸ್ಕಾಟ್ಲೆಂಡಿನ ಯಾವುದೋ ಬಂದರಿನಲ್ಲಿ
ದಿನವಿಡೀ ನಾರು ಬಾಚುವವರ ನಡುವೆ
ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದನಂತೆ.
ಓಟು ಕೇಳಲು ಬಂದ ದೊಡ್ಡವರನ್ನು
ಅವರು ಸಿಕ್ಕು ಸಿಕ್ಕಾಗಿ ಬಿಡಿಸಿಟ್ಟರಂತೆ.

ಒದ್ದೆ ಕೈಯಲ್ಲಿ ಹಾಗೇ ನಿಂತೆ.
ಅಲ್ಲಿ ಹಣಿಗೆ ಹಿಡಿದವರೇ ಕೇಳಿದರು.
ಇಲ್ಲಿ ಹಿಂಜುವವಳನ್ನೇ ಕರೆಸಿ, ನಿಲ್ಲಿಸಿ...
ಅವಳಿಗೊಂದು ಕುರ್ಚಿ ಹಾಕಿಸಬಹುದಿತ್ತು.

ಮಗಳು ಮಲಗಿದಳು. ನನ್ನ ದಿಂಬು ಗಂಟುಗಟ್ಟಿ
ಎಷ್ಟೋ ಕಾಲವಾಯಿತು, ಒಳಗೆ ಕೈ ಹಾಕಿ
ಒಂದು ಗಂಟನ್ನು ಬಿಡಿಸುತ್ತ ಕೂತೆ.

ನಾನು ಬರೀ ಟೈಪಿಸ್ಟು ಎಂದರೆ ಸರಿ.
ಹಿಂಜಿದವರಲ್ಲಿ ನಾನಿಲ್ಲ ಎಂದರೆ
ಸರಿಯಲ್ಲ.